ಯಾರೂ ಹಾಡಿಲ್ಲದ ವಚನ

ಹಳಿಯಾಳ

ಪುಟ್ಟಿ,

ನಿನ್ನ ಅಪ್ಪನ ಮೊಣಕಾಲು ನೋವು ಹೇಗಿದೆ ಅಂತ ನೀನೇ ತಿಳಿಸು. ನಾನು ಕೇಳಿದರೆ ಅವನು "ಏನೂ ಇಲ್ಲಕ್ಕಾ" ಅಂದು ಮಾತು ಬೇರೆ ಕಡೆ ತಿರುಗಿಸುತ್ತಾನೆ.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ಭಾರತ ಹುಣ್ಣಿಮೆಗೆ ಉಳವಿಗೆ ಹೊರಟ ಚಕ್ಕಡಿಗಳು ದಾಂಡೇಲಿಯಲ್ಲಿ ತಂಗುವ ರಾತ್ರಿ ನೀನು ಚನ್ನಬಸವಣ್ಣನವರ ಒಂದು ವಚನ ಹಾಡಬೇಕು ಅಂತ ನಿಮ್ಮ ಓಣಿಯ ಹಿರಿಯರು ಹೇಳಿದ್ದಾರೆ. ವಚನವನ್ನೂ ಅವರೇ ಆರಿಸಿ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. "ಅತ್ತಿ, ಯೂಟ್ಯೂಬ್‌ನಾಗ ಎಲ್ಲಾ ಕಡೆ ಹುಡುಕಿದೆ. ಇದನ್ನ ಯಾರೂ ಹಾಡೇ ಇಲ್ಲ. ಕೇಳಾಕ ಏನೂ ಇಲ್ಲಂದ್ರ ಹೆಂಗ ಕಲೀಬೇಕು?" ಅಂದೆ. ದನಿಯಲ್ಲಿ ಅಳು ಬಂದಿತ್ತು. ಬೇರೆ ವಚನ ಹಾಡಲೇನು, ಅಕ್ಕಮಹಾದೇವಿಯದು ಯಾವುದಾದರೂ ಬರುತ್ತದಲ್ಲ, ಅಂತಲೂ ಕೇಳಿದೆ.

ಬೇಡ ಪುಟ್ಟಿ. ಅದನ್ನೇ ಹಾಡು. ನಿನ್ನ ವಯಸ್ಸಿನಲ್ಲಿ ಇಂಥ ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ. ಇಷ್ಟು ದಿನ ನೀನು ಹೊಸ ಹಾಡು ಕಲಿತದ್ದೆಲ್ಲ ಬೇರೆಯವರ ಕಂಠದಿಂದ. ಅವರು ಎಲ್ಲಿ ದನಿ ಎಳೆದರೋ ಅಲ್ಲಿ ಎಳೆದೆ, ಎಲ್ಲಿ ಮುರ್ಕಿ ಹಾಕಿದರೋ ಅಲ್ಲಿ ಹಾಕಿದೆ. ಅದು ತಪ್ಪಲ್ಲ, ಎಲ್ಲರೂ ಹಾಗೇ ಶುರುಮಾಡುವುದು. ಆದರೆ ಈ ಸಲ ನಿನ್ನ ಎದುರಿಗೆ ಇರುವುದು ಬರೀ ಮಾತು. ಮಾತಿನಿಂದ ಹಾಡಿಗೆ ಹೋಗುವ ದಾರಿ ನೀನೇ ನಡೆಯಬೇಕು. ಆ ದಾರಿ ಹೇಗಿದೆ ಅನ್ನುವುದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಈ ಪತ್ರ. ಸಾವಕಾಶ ಓದು.

ಮೊದಲು, ಆ ವಚನವನ್ನು ಯಾರೂ ಏಕೆ ಹಾಡಿಲ್ಲ ಅನ್ನುವುದು ತಿಳಿದಿರಲಿ. ಚನ್ನಬಸವಣ್ಣನವರ ವಚನಗಳು 1,700ಕ್ಕೂ ಹೆಚ್ಚು ಸಿಕ್ಕಿವೆ. ಅವರನ್ನು ಷಟ್‌ಸ್ಥಲ ಚಕ್ರವರ್ತಿ ಅನ್ನುತ್ತಾರೆ, ಅವಿರಳಜ್ಞಾನಿ ಅನ್ನುತ್ತಾರೆ. ಅಕ್ಕನ ವಚನದಲ್ಲಿ ಬೆಟ್ಟ, ಗಿಳಿ, ಕೋಗಿಲೆ ಬರುತ್ತವೆ. ಬಸವಣ್ಣನವರದರಲ್ಲಿ ಮನಸ್ಸಿನ ಹೊಯ್ದಾಟ ಬರುತ್ತದೆ. ಹಾಡುವವರಿಗೆ ಅವು ಬೇಗ ಒಲಿಯುತ್ತವೆ. ಚನ್ನಬಸವಣ್ಣನವರದು ಹೆಚ್ಚಾಗಿ ತತ್ವದ ಮಾತು, ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ ಉದ್ದ ವಾಕ್ಯ. ಕಂಠ ತೋರಿಸಲು ಅಲ್ಲಿ ಜಾಗ ಕಡಿಮೆ ಅಂತ ಹಾಡುಗಾರರು ಮುಂದೆ ಹೋಗಿಬಿಡುತ್ತಾರೆ. ಕಲ್ಯಾಣದ ಗಲಭೆಯ ನಂತರ ಶರಣರನ್ನು ಕರೆದುಕೊಂಡು ಇದೇ ನಮ್ಮ ಕಾಡಿನ ದಾರಿಯಲ್ಲಿ ಬಂದು ಜೋಯಿಡಾ ತಾಲೂಕಿನ ಉಳವಿಯಲ್ಲಿ ಐಕ್ಯರಾದವರು ಅವರು. ಅವರ ಗದ್ದುಗೆಗೆ ಹೊರಟ ಚಕ್ಕಡಿಗಳ ನಡುವೆ ಅವರ ಮಾತೇ ಹಾಡಾಗಿ ಕೇಳಲಿ ಅನ್ನುವ ಆಸೆ ನಿಮ್ಮ ಹಿರಿಯರಿಗೆ ಬಂದದ್ದು ನ್ಯಾಯವೇ ಅಲ್ಲವೇ?

ಇನ್ನೊಂದು ಮಾತು. ವಚನಕ್ಕೆ 'ಇದೇ ಧಾಟಿ' ಅಂತ ಹನ್ನೆರಡನೆಯ ಶತಮಾನದಿಂದ ಬಂದದ್ದು ಯಾವುದೂ ಇಲ್ಲ. ಶರಣರು ಹಾಡಲಿಕ್ಕೆಂದೇ ಕಟ್ಟಿದವು ಸ್ವರವಚನಗಳು. ಅವಕ್ಕೆ ಪಲ್ಲವಿ ಉಂಟು, ರಾಗದ ಹೆಸರೂ ಉಂಟು. ಉಳಿದ ವಚನಗಳು ಆಡಿದ ಮಾತುಗಳು. ಬಹುಕಾಲ ಅವು ಮಠಗಳಲ್ಲಿ, ಮನೆಗಳ ಜಂತಿಯಲ್ಲಿ ಓಲೆಗರಿಯ ಕಟ್ಟುಗಳಾಗಿ ಇದ್ದವು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ನೆಲೆಸಿದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚು ಹಾಕಿಸಿದರು. ಆಮೇಲೆಯೇ ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳಿಗೆ ರಾಗ ಹಚ್ಚಿ ಹಾಡಿ, ಮನೆಮನೆಗೆ ಮುಟ್ಟಿಸಿದರು. ಇವತ್ತು ನಮಗೆ ಪರಂಪರೆ ಅನ್ನಿಸುವ ಧಾಟಿಗಳೆಲ್ಲ ಒಬ್ಬೊಬ್ಬರು ಪುಸ್ತಕ ಮುಂದಿಟ್ಟುಕೊಂಡು, ನೀನು ಈಗ ಕೂತ ಹಾಗೆಯೇ ಕೂತು ಹುಡುಕಿದವು. ಅವರಿಗೂ ಕೇಳಲು ಮೊದಲಿನ ಹಾಡು ಇರಲಿಲ್ಲ.

ಈಗ ಕೆಲಸಕ್ಕೆ ಬರೋಣ.

ಮೊದಲ ಕೆಲವು ದಿನ ಹಾಡಲೇಬೇಡ. ಪೇಟಿಯ ಹತ್ತಿರ ಹೋಗಬೇಡ, ಮೊಬೈಲಿನ ತಂಬೂರಿಯನ್ನೂ ಹಚ್ಚಬೇಡ. ವಚನವನ್ನು ಗಟ್ಟಿಯಾಗಿ ಓದು. ವೇದಿಕೆಯ ಮೇಲೆ ಓದುವ ಹಾಗಲ್ಲ, ನಿಮ್ಮ ಅವ್ವನಿಗೆ ಏನೋ ವಿಷಯ ತಿಳಿಸಿ ಹೇಳುವ ಹಾಗೆ. ಕಾಳಿ ದಂಡೆಯ ಕಡೆ ವಾಕಿಂಗ್ ಹೋಗುತ್ತೀಯಲ್ಲ, ನಡೆಯುತ್ತ ಹೇಳಿಕೋ. ಅರ್ಥವಾಗದ ಪದ ಬಂದಲ್ಲಿ ನಿಂತು ಕೇಳು. ಅಂಗ, ಲಿಂಗ, ಪ್ರಸಾದ, ಸ್ಥಲ, ಇವೆಲ್ಲ ಚನ್ನಬಸವಣ್ಣನವರಲ್ಲಿ ಒಂದೊಂದು ಖಚಿತ ಅರ್ಥ ಹೊತ್ತ ಮಾತುಗಳು. ಚೀಟಿ ಬರೆದುಕೊಟ್ಟ ಹಿರಿಯರನ್ನೇ ಕೇಳು, ಅವರಿಗೂ ಹುರುಪು ಬರುತ್ತದೆ. ತನಗೇ ತಿಳಿಯದ ಮಾತನ್ನು ಹಾಡುವವಳ ದನಿಯಲ್ಲಿ ಒಂದು ಪೊಳ್ಳು ಇರುತ್ತದೆ, ಕೇಳುವವರಿಗೆ ಅದು ಗೊತ್ತಾಗಿಯೇ ಆಗುತ್ತದೆ.

ಹೀಗೆ ಮಾತಾಗಿ ಹೇಳುತ್ತ ಹೋದಂತೆ, ಉಸಿರು ತಾನಾಗಿ ಎಲ್ಲಿ ಬರುತ್ತದೆ ಅನ್ನುವುದು ತಿಳಿಯುತ್ತದೆ. ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕು. ನೀನು ಕಳಿಸಿದ ಫೋಟೋದಲ್ಲಿ ನೋಡಿದೆ, ಮೊದಲ ವಾಕ್ಯ ಬಹಳ ಉದ್ದ ಇದೆ, ಚೀಟಿಯಲ್ಲಿ ಜಾಗ ಇಲ್ಲವೆಂದು ಬರೆದವರು ಎಲ್ಲೆಲ್ಲೋ ಸಾಲು ಮುರಿದಿದ್ದಾರೆ. ಆ ಸಾಲುಗಳನ್ನು ನಂಬಬೇಡ. ಮಾತು ಎಲ್ಲಿ ನಿಲ್ಲುತ್ತದೋ ಅದೇ ಸಾಲು. ಹೊಸ ಹಾಳೆಯಲ್ಲಿ ನಿನ್ನ ಕೈಯಾರೆ, ಒಂದು ಉಸಿರಿಗೆ ಒಂದು ಸಾಲಿನಂತೆ ಬರೆದುಕೋ. ಹಾಡು ಅರ್ಧ ಬಂದಂತೆಯೇ ಅಲ್ಲಿಗೆ. ನಾನು ಇಷ್ಟು ವರ್ಷ ಮಕ್ಕಳಿಗೆ ಕಲಿಸುತ್ತ ಬಂದದ್ದರಲ್ಲಿ ಇದೊಂದನ್ನು ಬಲವಾಗಿ ನಂಬಿದ್ದೇನೆ: ಉಸಿರಿನ ಜಾಗ ಗೊತ್ತಿಲ್ಲದವರು ಸ್ವರ ಎಷ್ಟೇ ಸರಿ ಹಚ್ಚಿದರೂ ಹಾಡು ಕಲಿತ ಹಾಗಲ್ಲ. ನಡುಪದದಲ್ಲಿ ಉಸಿರು ಎಳೆದರೆ ಆ ಪದವೂ ಸತ್ತಿತು, ಮುಂದಿನದೂ ಸತ್ತಿತು.

ಕನ್ನಡ ಹಾಡುವಾಗ ಇನ್ನೊಂದು ಎಚ್ಚರ ಬೇಕು. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘಕ್ಕೆ ಅರ್ಥವೇ ಬದಲಾಗುತ್ತದೆ. 'ಬಿಡು' ಅನ್ನುವುದರ ಮೊದಲ ಅಕ್ಷರವನ್ನು ಎಳೆದರೆ 'ಬೀಡು' ಆಯಿತು, 'ಕೊಡು' ಅನ್ನುವುದು 'ಕೋಡು' ಆಯಿತು. ಹಿಂದಿ ಬಂದಿಶ್ ಹಾಡಿ ರೂಢಿಯಾದವರು ಎಲ್ಲಿ ಬೇಕೋ ಅಲ್ಲಿ ಸ್ವರ ಎಳೆದುಬಿಡುತ್ತಾರೆ. ನಿನಗೂ ಅದು ಸ್ವಲ್ಪ ಅಂಟಿಕೊಂಡಿದೆ. ಎಳೆಯುವುದಿದ್ದರೆ ದೀರ್ಘಾಕ್ಷರದ ಮೇಲೆ ಎಳೆ, ಇಲ್ಲವೇ ಪದ ಮುಗಿದ ಮೇಲೆ ಅದರ ಕೊನೆಯ ಸ್ವರದಲ್ಲಿ ಆಲಾಪ ಮಾಡು. ಒತ್ತಕ್ಷರ ಬಂದಲ್ಲಿ ಅದರ ಹಿಂದಿನ ಅಕ್ಷರಕ್ಕೆ ಕೊಂಚ ಭಾರ ಕೊಟ್ಟು, ಒತ್ತನ್ನು ಗಟ್ಟಿಯಾಗಿ ನುಡಿ, ತೇಲಿಸಿಬಿಡಬೇಡ. ದಾಂಡೇಲಿಯಲ್ಲಿ 1955ರಲ್ಲಿ ಕಾಗದದ ಕಾರ್ಖಾನೆ ಬಂದಾಗಿನಿಂದ ನಿಮ್ಮ ಬೀದಿಯಲ್ಲಿ ಕೊಂಕಣಿ, ಮರಾಠಿ, ತೆಲುಗು, ಮಲಯಾಳಂ, ಉರ್ದು ಎಲ್ಲ ಕೂಡಿವೆ. ಅಷ್ಟು ಭಾಷೆ ಕೇಳಿ ಬೆಳೆದ ಕಿವಿ ನಿನ್ನದು, ಒಂದೊಂದು ನುಡಿಗೂ ಒಂದೊಂದು ನಡೆ ಇರುವುದು ನಿನಗೆ ಹೇಳಿಕೊಡದೆಯೇ ಗೊತ್ತು. ಆ ಕಿವಿಯಿಂದಲೇ ಈ ವಚನದ ಕನ್ನಡವನ್ನೂ ಕೇಳು.

ಮಾತು ಕೂತ ಮೇಲೆ ಧಾಟಿ. ಇಲ್ಲಿ ನಾನು ಹೇಳುವುದು ನಿನಗೆ ವಿಚಿತ್ರ ಅನ್ನಿಸಬಹುದು: ಕೊನೆಯ ಸಾಲಿನಿಂದ ಶುರುಮಾಡು. ವಚನದ ಕೊನೆಯಲ್ಲಿ 'ಕೂಡಲಚೆನ್ನಸಂಗಮದೇವಾ' ಅಂತ ಅಂಕಿತ ಬರುತ್ತದೆ. ಅಷ್ಟು ಹೊತ್ತು ತತ್ವ ಹೇಳುತ್ತಿದ್ದವರು ಅಲ್ಲಿ ತಮ್ಮ ದೇವರ ಕಡೆ ತಿರುಗುತ್ತಾರೆ. ಇಡೀ ವಚನ ಅಲ್ಲಿಗೆ ಹೋಗಿ ಮುಟ್ಟುವುದಕ್ಕೇ ಹೊರಟಿದೆ. ನಾವು ಮೊದಲ ಸಾಲಿನಿಂದ ಕಲಿಯುತ್ತ ಹೋದರೆ ಮೊದಲ ಸಾಲು ಸಾವಿರ ಸಲ ಆಗುತ್ತದೆ, ಅಂಕಿತದ ಹೊತ್ತಿಗೆ ದಮ್ಮೂ ಇರುವುದಿಲ್ಲ, ಗಮನವೂ ಇರುವುದಿಲ್ಲ. ಬಹಳ ಜನ ಅಲ್ಲಿ ಅವಸರ ಮಾಡಿ ಮುಗಿಸಿಬಿಡುವುದು ಅದಕ್ಕೇ. ನೀನು ಅಂಕಿತವನ್ನು ಮೊದಲು ಕಟ್ಟು. ಷಡ್ಜದ ಮೇಲೆ ಬಂದು ನಿಲ್ಲುತ್ತದೋ, ಪಂಚಮದಲ್ಲಿ ತೆರೆದುಕೊಂಡೇ ಇರುತ್ತದೋ ನೋಡು. ಅದು ಗಟ್ಟಿಯಾದ ಮೇಲೆ ಅದರ ಹಿಂದಿನ ಸಾಲನ್ನು ಸೇರಿಸಿ ಹಾಡು, ಆಮೇಲೆ ಅದರ ಹಿಂದಿನದು. ಹೀಗೆ ಹಿಂದೆ ಹಿಂದೆ ಸರಿಯುತ್ತ ಮೊದಲ ಸಾಲಿಗೆ ಬಾ. ಆಗ ಹಾಡುತ್ತ ಮುಂದೆ ಹೋದಷ್ಟೂ ನಿನಗೆ ಹೆಚ್ಚು ಪರಿಚಯದ ನೆಲವೇ ಸಿಗುತ್ತದೆ, ಧೈರ್ಯ ಹೆಚ್ಚುತ್ತ ಹೋಗುತ್ತದೆ.

ರಾಗ ಯಾವುದು ಅಂತ ಕೇಳುತ್ತೀಯ. ರಾತ್ರಿಯ ಹೊತ್ತು, ಬಯಲು, ಉದ್ದ ವಾಕ್ಯಗಳು. ನನಗಾದರೆ ಐದೇ ಸ್ವರದ ರಾಗ ಸರಿ ಅನ್ನಿಸುತ್ತದೆ, ದುರ್ಗಾ ಅಥವಾ ಭೂಪ. ಸ್ವರ ಕಡಿಮೆ ಇದ್ದಲ್ಲಿ ಮಾತಿಗೆ ಜಾಗ ಹೆಚ್ಚು. ದುರ್ಗಾದಲ್ಲಿ ಗಾಂಧಾರ ನಿಷಾದ ಇಲ್ಲದ್ದರಿಂದ ಅದಕ್ಕೊಂದು ನೆಟ್ಟಗಿನ ನಡೆ ಇದೆ, ತತ್ವದ ಮಾತಿಗೆ ಅದು ಹೊಂದುತ್ತದೆ. ಆದರೆ ಇದು ನನ್ನ ರುಚಿ. ನೀನು ಓದುತ್ತ ಓದುತ್ತ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಗಮನಿಸಿದ್ದರೆ ರಾಗದ ಸುಳಿವು ಅಲ್ಲೇ ಸಿಕ್ಕಿರುತ್ತದೆ. ಪ್ರಶ್ನೆ ಕೇಳುವ ಕಡೆ ದನಿ ಮೇಲೆ ಹೋಗುವುದು ಸಹಜ, ಅಲ್ಲಿ ಅವರೋಹ ಹಾಕಿದರೆ ಪ್ರಶ್ನೆ ಪ್ರಶ್ನೆಯಾಗಿ ಕೇಳುವುದಿಲ್ಲ. ರಾಗ ಯಾವುದೇ ಆಗಲಿ, ಮಾತಿನ ಬೆನ್ನು ಬಿಡಬೇಡ.

ಸಿಕ್ಕ ಧಾಟಿಯನ್ನು ಆ ಕ್ಷಣವೇ ಬರೆದಿಟ್ಟುಕೋ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೋ, ಬೇಡ ಅನ್ನುವುದಿಲ್ಲ, ಆದರೆ ಸ್ವರಲಿಪಿಯಲ್ಲಿಯೂ ಬರೆ. ಭಾತಖಂಡೆಯವರ ಪದ್ಧತಿ ನಿನಗೆ ಕಲಿಸಿದ್ದೇನೆ: ಮಂದ್ರಕ್ಕೆ ಅಕ್ಷರದ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಕೆಳಗೆ ಅಡ್ಡಗೆರೆ. ರೆಕಾರ್ಡು ನಿನ್ನ ದನಿಯನ್ನು ಹಿಡಿದಿಡುತ್ತದೆ. ಬರೆದದ್ದು ನೀನು ಯೋಚಿಸಿದ್ದನ್ನು ಹಿಡಿದಿಡುತ್ತದೆ. ಬರೆಯುವಾಗಲೇ ಎಷ್ಟೋ ಕಡೆ ಗೊತ್ತಾಗುತ್ತದೆ, ಇಲ್ಲಿ ಸುಮ್ಮನೆ ಅಲಂಕಾರಕ್ಕೆ ಸ್ವರ ತುಂಬಿದ್ದೇನೆ ಅಂತ. ಅಳಿಸಿಬಿಡು.

ನಾವು ಚಿಕ್ಕವರಿದ್ದಾಗ ಹೊಸ ಹಾಡು ಬರುತ್ತಿದ್ದದ್ದು ಧಾರವಾಡ ಆಕಾಶವಾಣಿಯಿಂದ. ಆ ನಿಲಯ ಶುರುವಾದದ್ದು 1950ರಲ್ಲಿ. ನಮ್ಮ ಮನೆಗೆ ರೇಡಿಯೋ ಬಂದದ್ದು ಬಹಳ ವರ್ಷದ ಮೇಲೆ. ವಚನ, ಭಾವಗೀತೆ ಬರುವ ಹೊತ್ತಿಗೆ ನಾನೂ ನಿನ್ನ ಅಪ್ಪನೂ ವಹಿ ಹಿಡಿದು ರೇಡಿಯೋದ ಮುಂದೆ ಕೂತಿರುತ್ತಿದ್ದೆವು. ಹಾಡು ಒಂದೇ ಸಲ, ಹಿಂದಕ್ಕೆ ತಿರುಗಿಸುವ ಮಾತಿಲ್ಲ. ಅದಕ್ಕೇ ಹಂಚಿಕೊಳ್ಳುತ್ತಿದ್ದೆವು: ಅವನು ಸಾಹಿತ್ಯ ಬರೆಯುವುದು, ನಾನು ಕಣ್ಣು ಮುಚ್ಚಿ ಧಾಟಿ ಹಿಡಿಯುವುದು. ಹಾಡು ಮುಗಿದ ಕೂಡಲೇ ಯಾರೂ ನಮ್ಮನ್ನು ಮಾತಾಡಿಸಬಾರದು, ಮಾತಾಡಿಸಿದರೆ ಧಾಟಿ ಹಾರಿಹೋಗುತ್ತಿತ್ತು. ಅವನು ಬರೆದದ್ದರಲ್ಲಿ ನಡುವೆ ಪದಗಳು ಬಿಟ್ಟುಹೋಗಿರುತ್ತಿದ್ದವು, ಅಲ್ಲಿ ಖಾಲಿ ಜಾಗ ಬಿಟ್ಟು ಆ ಹಾಡು ಮತ್ತೆ ಬರುವವರೆಗೆ ಕಾಯುವುದು. ಕಾಯುವಾಗ ಆ ಖಾಲಿ ಜಾಗದಲ್ಲಿ ಯಾವ ಮಾತು ಇದ್ದೀತು ಅಂತ ನಾವೇ ತರ್ಕ ಮಾಡುತ್ತಿದ್ದೆವು. ಹಾಗೆ ಕಲಿತ ಹಾಡುಗಳು ನಿನ್ನ ಅಪ್ಪನಿಗೆ ಈಗಲೂ ಬಾಯಿಗೆ ಬರುತ್ತವೆ, ಒಮ್ಮೆ ಕೇಳಿ ನೋಡು. ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ನಿನ್ನ ಕೈಯಲ್ಲಿರುವ ಸೌಕರ್ಯ ನಮಗೆ ಇದ್ದಿದ್ದರೆ ನಾವೂ ಬಳಸಿಕೊಳ್ಳುತ್ತಿದ್ದೆವು. ಕಿವಿಗೆ ಹಸಿವು ಇದ್ದರೆ ಕಲಿಕೆ ಆಳಕ್ಕೆ ಇಳಿಯುತ್ತದೆ ಅನ್ನುವುದಷ್ಟೇ ಮಾತು.

ನಿನ್ನ ಸ್ವಭಾವದಲ್ಲಿ ನನಗೆ ಚಿಂತೆ ಇರುವುದು ಒಂದೇ, ಅವಸರ. ಗಂಗೂಬಾಯಿ ಹಾನಗಲ್ಲರ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ. ಮೊದಲು ಅವರಿಗೆ ಕಲಿಸಿದ ಕೃಷ್ಣಾಚಾರ್ಯ ಹುಲಗೂರರಿಂದ ಒಂದು ವರ್ಷದಲ್ಲಿ 60ರಷ್ಟು ಚೀಜುಗಳು ಬಂದಿದ್ದವು. ಆಮೇಲೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗತೊಡಗಿದರು. ಅಲ್ಲಿ ಎಲ್ಲವೂ ತದ್ವಿರುದ್ಧ. ಗುರುಗಳು ಕೊಡುತ್ತಿದ್ದದ್ದು ಸ್ವಲ್ಪೇ ಸ್ವಲ್ಪ. ಒಂದೇ ತುಣುಕನ್ನು ಸರಿಯಾಗುವವರೆಗೆ ಮತ್ತೆ ಮತ್ತೆ ಹೇಳಿಸುತ್ತಿದ್ದರು, ಒಂದು ರಾಗ ಕೈವಶವಾಗದೆ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ಕಲಿತ ರಾಗಗಳು ಕೆಲವೇ ಆದರೂ ಗಂಗೂಬಾಯಿಯವರು ಅವನ್ನು ಹಾಡಿದ ರೀತಿ ಜಗತ್ತಿಗೆ ಗೊತ್ತು. ಒಬ್ಬಳೇ ಶಿಷ್ಯೆಗೆ ಎರಡೂ ಬಗೆಯ ಕಲಿಕೆ ಆಗಿತ್ತು ನೋಡು. ಯಾವುದು ಅವರನ್ನು ಗಂಗೂಬಾಯಿ ಹಾನಗಲ್ಲರನ್ನಾಗಿ ಮಾಡಿತು ಅನ್ನುವುದು ನನಗಂತೂ ಸ್ಪಷ್ಟ ಇದೆ. ಇನ್ನು ಮನಸೂರರು. ಗ್ವಾಲಿಯರ್ ಘರಾಣೆಯಲ್ಲಿ ಪಳಗಿ, ಗ್ರಾಮೊಫೋನ್ ತಟ್ಟೆಗಳು ಹೊರಬಂದು ಹೆಸರಾದ ಮೇಲೆ ಮಂಜೀಖಾನರ ಮುಂದೆ ಕೂತು ಜಯಪುರ ಘರಾಣೆಯನ್ನು ಹೊಸದಾಗಿ ಕಲಿಯಲು ಶುರುಮಾಡಿದರು. 1937ರಲ್ಲಿ ಮಂಜೀಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜೀಖಾನರ ಹತ್ತಿರ ಮುಂದುವರಿಸಿದರು. ಹೆಸರು ಬಂದವರೇ ಹೊಸ ಹಾಡಿನ ಎದುರು ಮತ್ತೆ ಶಿಷ್ಯರಾಗಿ ಕೂತಿದ್ದಾರೆ. ನಿನಗೆ ಈಗ ಬರುವ ಭಯ, 'ನನಗೆ ಇದು ಬರುವುದಿಲ್ಲವೇನೋ' ಅನ್ನುವುದು, ಕಲಿಯುವವರೆಲ್ಲರಿಗೂ ಇದ್ದದ್ದೇ.

ಒಬ್ಬಳೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಲಿಯುವುದು ಈಗಿನ ರೂಢಿ. ನಮ್ಮ ಸೀಮೆಯಲ್ಲಿ ಹಾಡು ಕಲಿತವರು ಹೆಚ್ಚಾಗಿ ಹಾಗೆ ಕಲಿತಿಲ್ಲ. ಯಾರದೋ ಹಿಂದೆ ಹಾಡಿ ಕಲಿತಿದ್ದಾರೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ನೆನಪಿದ್ದಾರಲ್ಲ, 2017ರಲ್ಲಿ ಪದ್ಮಶ್ರೀ ಬಂದಿತ್ತು, 2025ರಲ್ಲಿ ತೀರಿಕೊಂಡರು. ಹಾಲಕ್ಕಿಗಳ ಹಾಡಿನ ಅಷ್ಟು ದೊಡ್ಡ ಭಂಡಾರ ಅವರ ನೆನಪಿನಲ್ಲಿ ಇತ್ತು, ಓದು ಬರಹ ಇಲ್ಲದೆ. ಎಳವೆಯಲ್ಲಿ ಅವ್ವನ ಬಾಯಿಂದ ಕೇಳುತ್ತ, ಅವಳ ಸಂಗಡ ದನಿಗೂಡಿಸುತ್ತ ಬಂದದ್ದು ಅದು. ನನ್ನ ಹತ್ತಿರ ಸಾಂಬ್ರಾಣಿ ಕಡೆಯಿಂದ ಒಬ್ಬ ಸಿದ್ದಿ ಹುಡುಗಿ ಕಲಿಯಲು ಬರುತ್ತಿದ್ದಳು. ಹೊಸ ಹಾಡು ಹೇಳಿಕೊಟ್ಟರೆ ಮೊದಲ ದಿನ ಬಾಯಿಯೇ ಬಿಡುತ್ತಿರಲಿಲ್ಲ. ಹಿಮ್ಮಡಿಯಿಂದ ನೆಲಕ್ಕೆ ಮೆಲ್ಲಗೆ ತಟ್ಟುತ್ತ ಕೂತಿರುತ್ತಿದ್ದಳು. ಎರಡನೆಯ ದಿನ ಸಾಲಿನ ಕೊನೆಯ ಪದ ಮಾತ್ರ ಹೇಳುವಳು. ಆಮೇಲೆ ಅರ್ಧ ಸಾಲು. ವಾರ ಕಳೆಯುವುದರೊಳಗೆ ಇಡೀ ಹಾಡು, ಒಂದು ಮಾತ್ರೆಯೂ ಆಚೀಚೆ ಆಗದೆ. "ಎಲ್ಲಿ ಕಲಿತೆ ಹೀಗೆ?" ಅಂದರೆ, ತಮ್ಮ ಕೇರಿಯಲ್ಲಿ ಡಮಾಮಿ ಬಾರಿಸಿ ಕುಣಿಯುವಾಗ ಸಣ್ಣವರು ಮೊದಲು ಚಪ್ಪಾಳೆ ಹಾಕುತ್ತಾರೆ, ಆಮೇಲೆ ಸೊಲ್ಲು ಹಿಡಿಯುತ್ತಾರೆ, ಅಂದಳು. ಸಿದ್ದಿಗಳಿಗೆ ಲಯ ರಕ್ತದಲ್ಲೇ ಬಂದಿರುತ್ತದೆ ಅಂತ ಜನ ಸುಲಭವಾಗಿ ಅಂದುಬಿಡುತ್ತಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಅದು ಚಿಕ್ಕಂದಿನಿಂದ ಹಿರಿಯರ ನಡುವೆ ನಿಂತು ಮಾಡಿದ ಸಾಧನೆ. ಸಾಧನೆ ಅಂತಲೇ ಅದಕ್ಕೆ ಮರ್ಯಾದೆ ಸಲ್ಲಬೇಕು. ಜೋಯಿಡಾದ ಕುಣಬಿ ಹೆಂಗಸರ ಫುಗಡಿಯೂ ಹಾಗೆಯೇ, ಸುತ್ತುತ್ತ ಸುತ್ತುತ್ತ ಬಾಯಿಗೆ ಬರುವುದು.

ಕೂಡಿ ಹೇಳುವ ಮಾತಿಗೆ ಇನ್ನೊಂದು ನೆನಪಾಯಿತು. ಮುಂಡಗೋಡಿಗೆ ನಾವು ಹೋಗಿದ್ದಾಗ ನೀನು ಇನ್ನೂ ಬಹಳ ಸಣ್ಣವಳು. ಟಿಬೆಟನ್ ಕ್ಯಾಂಪಿನ ಮಠದಲ್ಲಿ ಲಾಮಾಗಳ ಪಠಣ ಕೇಳಿ ಹೆದರಿ ನಿನ್ನ ಅವ್ವನ ಸೆರಗು ಹಿಡಿದಿದ್ದೆ. 1966ರಿಂದ ಅಲ್ಲಿ ಟಿಬೆಟನ್ನರ ನೆಲೆ ಇದೆ. ಡ್ರೆಪುಂಗ್, ಗಾದೆನ್ ಅಂತ ದೊಡ್ಡ ಮಠಗಳು ಅಲ್ಲಿಯೇ ಮತ್ತೆ ಎದ್ದು ನಿಂತಿವೆ. ಲಾಮಾಗಳ ದನಿ ಮಂದ್ರಕ್ಕಿಂತ ಕೆಳಗೆ, ನೆಲದೊಳಗಿಂದ ಬಂದ ಹಾಗೆ. ಆದರೆ ನಾನು ಅಲ್ಲಿ ಗಮನಿಸಿದ್ದು ಬೇರೆ. ಅಷ್ಟು ಜನ ಕೂಡಿ ಹೇಳುವಾಗ ಒಬ್ಬೊಬ್ಬರೂ ಬೇರೆ ಬೇರೆ ಗಳಿಗೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಹಾಗಾಗಿ ಪಠಣ ಎಲ್ಲಿಯೂ ಕಡಿಯುವುದಿಲ್ಲ. ಅಲ್ಲಿನ ಸಣ್ಣ ಹುಡುಗರು ಮೊದಲು ಇಡೀ ಗ್ರಂಥವನ್ನು ಗಟ್ಟಿಯಾಗಿ ಒದರಿ ಬಾಯಿಪಾಠ ಮಾಡುತ್ತಾರೆ, ಅರ್ಥದ ಪಾಠ ಆಮೇಲೆ. ಅರ್ಥ ತಿಳಿದುಕೊಂಡೇ ಹಾಡು ಅಂತ ನಾನು ನಿನಗೆ ಮೇಲೆ ಬರೆದೆ, ಅವರದು ಅದಕ್ಕೆ ತಿರುವುಮುರುವು. ಅವರು ವರ್ಷಗಟ್ಟಲೆ ಅದರೊಳಗೆ ಬಾಳುವವರು, ಅವರಿಗೆ ಅದು ಸರಿ. ನಿನಗೆ ಇರುವುದು ಕೆಲವೇ ವಾರ. ಆದರೂ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡುವುದನ್ನು ಅವರಿಂದ ತೆಗೆದುಕೋ. ಮನಸ್ಸಿನಲ್ಲೇ ಹೇಳಿಕೊಂಡದ್ದು ಮೈಕಿನ ಮುಂದೆ ಕೈ ಕೊಡುತ್ತದೆ. ನಾಲಿಗೆಗೆ ಅಭ್ಯಾಸ ಆದದ್ದು ಕೈ ಕೊಡುವುದಿಲ್ಲ. ರಾತ್ರಿ ಮಲಗುವ ಮುಂಚೆ ಒಮ್ಮೆ, ನಸುಕಿನಲ್ಲಿ ಖರ್ಜದ ರಿಯಾಜು ಮುಗಿದ ಮೇಲೆ ಒಮ್ಮೆ ಹೇಳು. ರಾತ್ರಿ ಅರ್ಧಮರ್ಧ ಇದ್ದದ್ದು ಬೆಳಗ್ಗೆ ಎಷ್ಟೋ ಸಲ ತಾನೇ ನೇರವಾಗಿರುತ್ತದೆ.

ಶ್ರುತಿ ಕಪ್ಪು ಐದೇ ಇರಲಿ ಅಂತ ಹಟ ಮಾಡಬೇಡ. ಕ್ಲಾಸಿನಲ್ಲಿ ಅದು ಸರಿ, ಆದರೆ ಆ ರಾತ್ರಿ ಬಯಲಿನಲ್ಲಿ, ಮಾಘದ ಚಳಿಯಲ್ಲಿ, ಸುತ್ತ ಎತ್ತುಗಳ ಕೊರಳಗಂಟೆ ಕೇಳುತ್ತಿರುವಾಗ ಗಂಟಲು ಕಟ್ಟಿದ ಹಾಗೆ ಆಗುತ್ತದೆ. ಒಂದು ಪಟ್ಟಿ ಇಳಿಸಿಕೊಂಡೂ ಅಭ್ಯಾಸ ಮಾಡಿಟ್ಟುಕೋ. ಕೆಳಗೆ ಇಳಿಸಿದಾಗ ಮಂದ್ರದ ಸ್ವರಗಳಲ್ಲಿ ಮಾತು ಕೇಳುತ್ತದೋ ಇಲ್ಲವೋ ಪರೀಕ್ಷೆ ಮಾಡು, ಕೇಳದಿದ್ದರೆ ಆ ಸಾಲಿನ ಧಾಟಿಯನ್ನೇ ಕೊಂಚ ಮೇಲಕ್ಕೆ ಎತ್ತು. ತಬಲಾದವರಿಗೆ ಮೊದಲೇ ಹೇಳಿಡು, ಭಜನಿ ಠೇಕಾ ಸಾಕು, ಲಯ ಏರಿಸುವುದು ಬೇಡ. ವಾಕ್ಯ ಉದ್ದ ಇದ್ದಲ್ಲಿ ಸಮ್‌ಗೆ ಹೊಂದಿಸಲಿಕ್ಕೆ ಪದ ತುರುಕಬೇಡ. ಒಂದು ಆವರ್ತನ ಖಾಲಿ ಹೋಗಲಿ, ಬಿಡು. ಬಸವಣ್ಣನವರೇ ಒಂದು ವಚನದಲ್ಲಿ ತಾಳದ ಲೆಕ್ಕ ತನಗೆ ತಿಳಿಯದು, ಮನಸ್ಸು ಒಲಿದ ಹಾಗೆ ಹಾಡುತ್ತೇನೆ ಅಂದಿದ್ದಾರೆ. ಆ ಮಾತನ್ನು ಹಿಡಿದು ಬೇತಾಳ ಹಾಡಬಾರದು, ಅದು ವಿನಯದ ಮಾತು. ಆದರೂ ವಚನದಲ್ಲಿ ತಾಳ ಮಾತಿಗೆ ಕಾಯಬೇಕು, ಮಾತು ತಾಳಕ್ಕೆ ಕಾಯಬಾರದು. ನನ್ನ ಗುರುಗಳೂ ಇದನ್ನೇ ಹೇಳುತ್ತಿದ್ದರು, ನನಗೂ ಅದರಲ್ಲಿ ಪೂರ್ತಿ ನಂಬಿಕೆ.

ಕೊನೆಯದಾಗಿ, ಹಾಡು ನಿನಗೆ ಬಂತೋ ಇಲ್ಲವೋ ಅಂತ ನೋಡುವುದು ಹೇಗೆ? ನಿನ್ನ ತಮ್ಮನಿಗೆ ಕಲಿಸು. ಅವನು ಸಂಗೀತದವನಲ್ಲ, ಕ್ರಿಕೆಟ್ಟಿನವನು, ಅದಕ್ಕೇ ಅವನು ಬೇಕು. ನೀನು ಒಂದು ಸಾಲು ಹೇಳು, ಅವನು ಹಿಂದೆ ಹೇಳಲಿ. ಅವನು ಎಲ್ಲಿ ಎಡವುತ್ತಾನೋ ಅಲ್ಲಿ ಗೀಟು ಹಾಕು. ಎಡವಿದ್ದು ಅವನ ದೋಷ ಅನ್ನಬೇಡ. ಹೆಚ್ಚಿನ ಸಲ ಅಲ್ಲಿ ನಿನ್ನ ಧಾಟಿ ಮಾತಿನ ನಡೆಗೆ ಅಡ್ಡ ಬಂದಿರುತ್ತದೆ. ತಿದ್ದು. ಚಕ್ಕಡಿಯವರೂ ಹಾಗೆಯೇ ಅಲ್ಲವೇ, ಧಾರವಾಡ, ಬೆಳಗಾವಿ ಕಡೆಯಿಂದ ಬಂದ ರೈತರು, ವರ್ಷವಿಡೀ ಹೊಲದಲ್ಲಿ ದುಡಿದು ಈ ಕೆಲವು ದಿನ ಭಜನೆ ಹೇಳುತ್ತ ಬರುವವರು. ಒಬ್ಬರು ಹೇಳಿದರೆ ಉಳಿದವರೆಲ್ಲ ಹಿಂದೆ ಎತ್ತಿಕೊಳ್ಳುವುದು ಅವರ ಪದ್ಧತಿ. ನಿನ್ನ ಅಂಕಿತದ ಸಾಲನ್ನು ಎರಡನೆಯ ಸಲ ಹಾಡುವಾಗ ಅವರು ತಾವಾಗಿ ದನಿಗೂಡಿಸುವಷ್ಟು ಸರಳವಾಗಿ ಇಡು. ಅವರು ದನಿಗೂಡಿಸಿದರೆ ನಿಲ್ಲಿಸಬೇಡ, ಬೇಕಿದ್ದರೆ ಮೂರು ಸಲ, ನಾಲ್ಕು ಸಲ ಆಗಲಿ. ಮರುದಿನ ಅವರು ಪೋಟೋಲಿ ದಾಟಿ ಕಾಡಿನ ದಾರಿ ಹಿಡಿದಾಗ ಯಾವುದಾದರೂ ಒಂದು ಚಕ್ಕಡಿಯಲ್ಲಿ ಆ ಸಾಲು ಹೊರಟರೆ ನಾನು ನಿನ್ನ ಬೆನ್ನು ತಟ್ಟುತ್ತೇನೆ.

ಬರುವ ಭಾನುವಾರ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಬಾ. ಅಷ್ಟರೊಳಗೆ ಬರೀ ಓದು, ಹಾಡಬೇಡ ಅಂದದ್ದು ನೆನಪಿರಲಿ. ಚೀಟಿಯನ್ನೂ, ನೀನು ಉಸಿರಿಗೊಂದು ಸಾಲಿನಂತೆ ಬರೆದ ಹಾಳೆಯನ್ನೂ ಎರಡೂ ತಾ. ಎಲ್ಲಿ ಎಲ್ಲಿ ಬೇರೆಯಾಗಿದೆ ಅಂತ ಕೂತು ನೋಡೋಣ. ತಮ್ಮನನ್ನೂ ಕರೆದುಕೊಂಡು ಬಾ, ಪರೀಕ್ಷೆ ಇದೆ ಅಂತ ಅವ್ವ ಕಳಿಸದಿದ್ದರೆ ನಾನು ಹೇಳಿದೆ ಅನ್ನು. ಊಟಕ್ಕೆ ನಿನಗಿಷ್ಟದ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಸಿರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಸೋದರತ್ತೆ